ಕೇಳದೆ ಹೇಳುವ ಮಾತು

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಧೈರ್ಯದ ಮೇಲೆ ಕಟ್ಟಿದರೋ ತಿಳಿಯದು. ಆ ಸಾವಿರ ಸುಳ್ಳುಗಳ ಜೊತೆ ಜೀವನವಿಡೀ ಸಂಸಾರ ಮಾಡಬೇಕಾದವಳನ್ನು ಕೇಳಿಯಂತೂ ಕಟ್ಟಿರಲಾರರು. ಹೆಣ್ಣು ನೋಡಲು ಬಂದವರು ನಡೆಸಿ ನೋಡುತ್ತಿದ್ದರು, ಹಾಡಿಸಿ ನೋಡುತ್ತಿದ್ದರು, ಜಡೆ ಸ್ವಂತದ್ದೋ ಚೌರಿಯೋ ಎಂದು ಹೆಂಗಸರು ಮೆಲ್ಲಗೆ ಎಳೆದೂ ನೋಡುತ್ತಿದ್ದರಂತೆ. ಆದರೆ ಹೆಣ್ಣಿನ ಕಡೆಯವರು ವರನ ಸಂಬಳದ ಬಗ್ಗೆಯೋ ಆರೋಗ್ಯದ ಬಗ್ಗೆಯೋ ನಾಲ್ಕು ಪ್ರಶ್ನೆ ಕೇಳಿದರೆ ಸಾಕು, "ನಂಬಿಕೆಯೇ ಇಲ್ಲದ ಮೇಲೆ ಸಂಬಂಧ ಯಾಕೆ?" ಎಂಬ ಮಾತು ಎದ್ದುಬಿಡುತ್ತಿತ್ತು. ಪರೀಕ್ಷೆ ಮಾಡುವ ಹಕ್ಕು ಒಬ್ಬರದು, ನಂಬುವ ಕರ್ತವ್ಯ ಇನ್ನೊಬ್ಬರದು!

ಈ ಹಳೆಯ ಮಾತುಗಳೆಲ್ಲ ನನ್ನ ತಲೆಯಲ್ಲಿ ಮತ್ತೆ ಸುಳಿದಾಡಿದ್ದು ಒಂದು ಹಳೆಯ ಕಾರು ಕೊಳ್ಳಲು ಹೊರಟಾಗ. ಮಗಳಿಗೆ ಮೂವತ್ತು ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ನಮ್ಮ ಮಲೆನಾಡಿನ ಬಸ್ಸುಗಳ ವೇಳಾಪಟ್ಟಿಗೂ ರಾತ್ರಿ ಪಾಳಿಗೂ ಎಲ್ಲಿಯ ಹೊಂದಾಣಿಕೆ? ಹೊಸ ಕಾರಿಗೆ ಶಕ್ತಿಯಿರಲಿಲ್ಲ. ಚೀಟಿ ಕಟ್ಟಿ ಕೂಡಿಸಿದ್ದ ಒಂದೂವರೆ ಲಕ್ಷ ರೂಪಾಯಿ ಇತ್ತು. ಅಂಗಡಿಯವರ ಲಾಭದ ಪಾಲಾದರೂ ಉಳಿಯಲಿ ಎಂದು ಮಾಲೀಕರಿಂದಲೇ ನೇರವಾಗಿ ಕೊಳ್ಳುವುದೆಂದು ನಿಶ್ಚಯಿಸಿದೆವು. ಆಗ ಎದುರಾದ ಪ್ರಶ್ನೆ, ಕಾರು ಚೆನ್ನಾಗಿದೆಯೇ ಎಂಬುದಷ್ಟೇ ಅಲ್ಲ. ಮಾರುವವರು ಕೇಳದಿದ್ದರೂ ಏನೇನು ಹೇಳಬೇಕು? ಕೊಳ್ಳುವವರು ಎಷ್ಟು ಕೇಳಿದರೆ ಅದು ಅವಮಾನ? ಇವು ಮನೆಗೆಲಸದ ನಡುವೆಯೂ ನನ್ನನ್ನು ಬಿಡದೆ ಕಾಡಿದವು.

ಮೊದಲು ನೋಡಿದ ಕಾರು ಮದುಮಗಳಂತೆ ಹೊಳೆಯುತ್ತಿತ್ತು. ಹೊಸ ಸೀಟ್ ಕವರ್, ಹೊಸ ಮ್ಯಾಟು, ಒಳಗೆ ಮಲ್ಲಿಗೆಯ ಪರಿಮಳದ ಡಬ್ಬಿ. ಮಾಲೀಕರು ಒಳ್ಳೆಯ ಬಡಾವಣೆಯಲ್ಲಿ ಮನೆ ಇದ್ದವರು. ನಾನು ಮಗಳೊಂದಿಗೆ ಗೇಟು ತೆಗೆದು ಒಳಗೆ ಹೋದರೆ, "ಸರ್ ಬರಲಿಲ್ವಾ?" ಎಂದು ನಮ್ಮ ಬೆನ್ನ ಹಿಂದೆ ನೋಡಿದರು. ಕಾರಿನ ವಿಷಯವನ್ನು ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ಕಿಗೇ ಹೇಳುತ್ತಿದ್ದರು. ನಾನು ಆರ್.ಸಿ.ಯಲ್ಲಿದ್ದ ಚಾಸಿಸ್ ನಂಬರನ್ನೂ ಇಂಜಿನ್ ನಂಬರನ್ನೂ ಕಾರಿನ ಮೇಲೆ ಕೊರೆದಿದ್ದ ನಂಬರುಗಳೊಂದಿಗೆ ತಾಳೆ ನೋಡತೊಡಗಿದೆ. ಮಗಳು ಮೊಬೈಲಿನಲ್ಲಿ ಸರ್ಕಾರದ ಪರಿವಾಹನ್ ಆ್ಯಪ್ ತೆರೆದು ಗಾಡಿಯ ನಂಬರ್ ಹಾಕಿದಳು. ನೋಂದಣಿಯ ದಿನಾಂಕ, ಇನ್ಶೂರೆನ್ಸ್ ಎಲ್ಲಿಯವರೆಗಿದೆ, ಗಾಡಿಯ ಮೇಲೆ ಸಾಲ ಇದೆಯೇ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಸಾಲ ಇನ್ನೂ ಕಾಣುತ್ತಿತ್ತು. "ತೀರಿಸಿಯಾಗಿದೆ ಮೇಡಂ, ಪತ್ರ ಬರೋದಿದೆ ಅಷ್ಟೇ. ನಿಮಗೆ ನಂಬಿಕೆ ಇಲ್ವಾ?" ಎಂದರು. ಬ್ಯಾಂಕಿನ ಋಣಮುಕ್ತ ಪತ್ರ ಮತ್ತು 35ನೇ ನಮೂನೆ ಎರಡೂ ಸೇರಿ ಆರ್.ಟಿ.ಓ.ದಲ್ಲಿ ಸಾಲದ ನಮೂದು ಅಳಿಸುವವರೆಗೆ ಆ ಕಾರಿನ ಒಂದು ಕಾಲು ಬ್ಯಾಂಕಿನಲ್ಲೇ ಇರುತ್ತದೆಂದು ನನಗೆ ಗೊತ್ತಿತ್ತು. ನಂಬಿಕೆಯಿಂದ ಆ ಕಾಲು ಕಳಚುವುದಿಲ್ಲ.

ಅಷ್ಟರಲ್ಲಿ ಮೆಕ್ಯಾನಿಕ್ಕು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಎಳೆದಷ್ಟೂ ಬರುವ ಆ ಪಟ್ಟಿಯ ತುದಿಯಲ್ಲಿ, ದಿನಬಳಕೆಯಲ್ಲಿ ಹೊರಗೆ ಕಾಣದ ಭಾಗದಲ್ಲಿ, ಕೆಸರು ಒಣಗಿದ ಗೆರೆಯಿತ್ತು. ಮ್ಯಾಟು ಎತ್ತಿದರೆ ಮಲ್ಲಿಗೆಯ ಅಡಿಯಿಂದ ಮುಗ್ಗಲು ವಾಸನೆ. ಕಾರು ಎಲ್ಲೋ ನೆರೆಯ ನೀರಿನಲ್ಲಿ ನಿಂತಿತ್ತು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಸಾವಿರಾರು ಕಾರುಗಳು ನೀರಿನಲ್ಲಿ ನಿಂತದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ತೊಳೆದು ಒರೆಸಿದ ಮೇಲೆ ಅಂಥ ಕಾರು ಕಣ್ಣಿಗೆ ಹೊಸದೇ. ಆದರೆ ವೈರುಗಳ ಜೋಡಣೆಯಲ್ಲಿ ತುಕ್ಕು ನಿಧಾನವಾಗಿ ಹಬ್ಬುತ್ತದೆ, ಬೇಕಾದ ಹೊತ್ತಿನಲ್ಲಿ ಏರ್‌ಬ್ಯಾಗ್ ತೆರೆಯದೆಯೂ ಹೋಗಬಹುದು. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಘಟ್ಟದ ದಾರಿಯಲ್ಲಿ ಬರಬೇಕಾದವಳು ನನ್ನ ಮಗಳು.

"ನೀರಿನಲ್ಲಿ ನಿಂತಿತ್ತಾ?" ಎಂದು ನಾನು ಕೇಳಿದೆ. ಆ ಮನುಷ್ಯ ಮುಖ ಕೆಂಪು ಮಾಡಿಕೊಳ್ಳಲಿಲ್ಲ, ತಡವರಿಸಲೂ ಇಲ್ಲ. "ಒಂದೇ ಒಂದು ಸಲ. ನೀವು ಕೇಳಲೇ ಇಲ್ವಲ್ಲ ಮೇಡಂ!" ಎಂದುಬಿಟ್ಟರು.

ಸುಳ್ಳು ಹೇಳಿದ್ದರೆ ಬಯ್ದುಕೊಂಡು ಮರೆತುಬಿಡುತ್ತಿದ್ದೆನೋ ಏನೋ. ಅವರು ಸುಳ್ಳು ಹೇಳಿರಲಿಲ್ಲ. ಸುಮ್ಮನಿದ್ದರು, ಅಷ್ಟೆ. ಸುಮ್ಮನಿರುವುದು ತಪ್ಪೇ? ಹಾಗಾದರೆ ನಾವೆಲ್ಲ ಎಷ್ಟು ಕಡೆ ಸುಮ್ಮನಿರುವುದಿಲ್ಲ!

ನಮ್ಮ ಭಾವನವರು ವಕೀಲರು. ಅವರನ್ನು ಕೇಳಿದಾಗ ನಕ್ಕು, "ಕಾನೂನು ನಿನ್ನ ಕಡೆ ಪೂರ್ತಿಯಾಗಿ ಇಲ್ಲಮ್ಮ" ಎಂದರು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಅದೇ ವ್ಯಾಪಾರ ಮಾಡುವ ಅಂಗಡಿಯವನು ಮಾರಿದ ವಸ್ತು ತಕ್ಕ ಗುಣಮಟ್ಟದ್ದಾಗಿರಬೇಕೆಂಬ ಷರತ್ತನ್ನು ಬಾಯಿಬಿಟ್ಟು ಹೇಳದಿದ್ದರೂ ಕಾನೂನೇ ಸೇರಿಸುತ್ತದೆ. ಮನೆಯ ಮುಂದೆ ನಿಂತ ತನ್ನ ಒಂದು ಕಾರನ್ನು ಮಾರುವ ಮನುಷ್ಯನಿಗೆ ಆ ಷರತ್ತು ತಾನಾಗಿ ಅಂಟುವುದಿಲ್ಲ. ಕೊಳ್ಳುವವರೇ ಕಣ್ಣು ಬಿಟ್ಟು ನೋಡಿಕೊಳ್ಳಬೇಕು.

ಇನ್ನು 1872ರ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಮೋಸ ಎಂದರೇನೆಂದು ವಿವರಿಸಿ ಒಂದು ಕುದುರೆಯ ಉದಾಹರಣೆ ಕೊಟ್ಟಿದ್ದಾರೆ. ಆ ಕಾಲಕ್ಕೆ ಕುದುರೆಯೇ ಕಾರು ತಾನೆ! ಒಬ್ಬ ತನ್ನ ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ರೋಗದ ವಿಷಯ ಎತ್ತುವುದಿಲ್ಲ. ಅದು ಮೋಸವಲ್ಲ. ಆದರೆ ಕೊಳ್ಳುವವಳು ಆಗತಾನೆ ವಯಸ್ಸಿಗೆ ಬಂದ ಅವನ ಸ್ವಂತ ಮಗಳಾಗಿದ್ದರೆ, ಹೇಳುವುದು ಅವನ ಕರ್ತವ್ಯ. ಕೊಳ್ಳುವವನು, "ನೀನು ಅಲ್ಲಗಳೆಯದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದು ತಿಳಿಯುತ್ತೇನೆ" ಎಂಬರ್ಥದ ಮಾತು ಆಡಿ, ಮಾರುವವನು ಆಗಲೂ ತುಟಿ ಬಿಚ್ಚದಿದ್ದರೆ ಆ ಮೌನವೂ ಮಾತಿಗೆ ಸಮ. ಸುಮ್ಮನಿರುವುದು ಬೇರೆ, ಗೊತ್ತಿದ್ದ ದೋಷವನ್ನು ಬೇಕೆಂದೇ ಮುಚ್ಚಿಡುವುದು ಬೇರೆ, ಎರಡನೆಯದು ಮೋಸವೇ. ಕೆಸರಿನ ಮೇಲೆ ಹೊಸ ಮ್ಯಾಟು ಹಾಸಿದ್ದು ಇವೆರಡರಲ್ಲಿ ಯಾವುದು ಎಂದು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದಿಸಬಹುದು ಎಂದರು ಭಾವ.

ಅಪ್ಪ ಮಗಳಿಗೆ ಹೇಳಬೇಕು, ಹರಾಜಿನಲ್ಲಿ ನಿಂತ ಪರರ ಮಗಳಿಗೆ ಹೇಳಬೇಕಾಗಿಲ್ಲ. ಕಾನೂನಿಗೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ಮನಸ್ಸಿಗೂ ಗೆರೆ ಅಲ್ಲೇ ಇರಬೇಕೆ?

ಈ ತಕರಾರು ಎರಡು ಸಾವಿರ ವರ್ಷ ಹಳೆಯದೆಂದು ಆಮೇಲೆ ತಿಳಿಯಿತು. ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಕರ್ತವ್ಯಗಳ ಕುರಿತು ಒಂದು ಗ್ರಂಥ ಬರೆದ. ಅದರಲ್ಲೊಂದು ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಒಬ್ಬ ಒಳ್ಳೆಯ ವರ್ತಕ ಅಲೆಕ್ಸಾಂಡ್ರಿಯಾದಿಂದ ಧಾನ್ಯ ತುಂಬಿದ ಹಡಗು ತರುತ್ತಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದು ಅವನಿಗೊಬ್ಬನಿಗೇ ಗೊತ್ತು. ಅದನ್ನು ಜನರಿಗೆ ಹೇಳಬೇಕೆ, ಅಥವಾ ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬೇಕೆ? ಡಯೋಜಿನಿಸ್ ಎಂಬ ತತ್ವಜ್ಞಾನಿಯ ಪ್ರಕಾರ, ಕಾನೂನು ಹೇಳೆಂದದ್ದನ್ನು ಹೇಳಿದರೆ ಸಾಕು, ಸುಮ್ಮನಿರುವುದು ಮರೆಮಾಚಿದಂತಲ್ಲ. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ಕೊಳ್ಳುವವರೂ ನಿನ್ನಂತೆ ಮನುಷ್ಯರು, ಅವರ ಹಿತ ನೋಡುವುದೂ ನಿನ್ನ ಧರ್ಮ ಎನ್ನುತ್ತಾನೆ. ಸಿಸೆರೋ ಶಿಷ್ಯನ ಕಡೆಗೇ ವಾಲುತ್ತಾನೆ. ನಮ್ಮ ಬಡಾವಣೆಯ ಕಾರಿನ ಮಾಲೀಕರು ಡಯೋಜಿನಿಸನ ಪಂಥದವರು ಎಂದು ನನಗೆ ನಗು ಬಂತು.

ಇನ್ನೊಂದು ಸಂಗತಿ ಮಗಳು ಓದಿ ಹೇಳಿದ್ದು. ಅಮೆರಿಕದಲ್ಲಿ ಕೊಂಡ ಮೇಲೆ ಕಾಟ ಕೊಡುವ ಕಾರಿಗೆ ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರಂತೆ. ನಾವು ಹೊಸ ಗಾಡಿಗೆ ದೃಷ್ಟಿಯಾಗದಿರಲೆಂದು ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಅವರಲ್ಲಿ ಗಾಡಿಯೇ ನಿಂಬೆಹಣ್ಣು! ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಇದೇ ಹೆಸರಿಟ್ಟು ಹಳೆಯ ಕಾರಿನ ಸಂತೆಯ ಬಗ್ಗೆ ಬರೆದ ಲೇಖನವನ್ನು ಮೂರು ಪತ್ರಿಕೆಗಳು ಹಿಂದಿರುಗಿಸಿದ್ದವಂತೆ. ಕೊನೆಗೆ 1970ರಲ್ಲಿ ಅದು ಪ್ರಕಟವಾಯಿತು, 2001ರಲ್ಲಿ ಅವರು ಇನ್ನಿಬ್ಬರೊಂದಿಗೆ ನೊಬೆಲ್ ಬಹುಮಾನ ಹಂಚಿಕೊಂಡರು. ಅವರು ಹೇಳಿದ್ದು ನಮ್ಮ ಸಂತೆಯ ಮುದುಕಿಗೂ ಅರ್ಥವಾಗುವಂಥದ್ದು. ಒಳ್ಳೆಯ ಕಾರು ಎರಡು ಲಕ್ಷ ಬಾಳುತ್ತದೆ, ಕೆಟ್ಟದ್ದು ಒಂದು ಲಕ್ಷ ಎಂದಿಟ್ಟುಕೊಳ್ಳಿ. ಯಾವುದು ಯಾವುದೆಂದು ಮಾರುವವರಿಗೆ ಮಾತ್ರ ಗೊತ್ತು. ಕೊಳ್ಳುವವರು ಅಂಜಿ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ. ಆಗ ಒಳ್ಳೆಯ ಕಾರಿನವರು, "ಇಷ್ಟು ಕಡಿಮೆಗೆ ಯಾಕೆ ಕೊಡಲಿ?" ಎಂದು ಸಂತೆಯಿಂದ ಎದ್ದು ಹೋಗುತ್ತಾರೆ. ಕೆಟ್ಟದ್ದೇ ಹೆಚ್ಚಾಗಿ ಉಳಿದಂತೆ ಜನ ಇನ್ನೂ ಕಡಿಮೆ ಕೊಡುತ್ತಾರೆ. ಹೀಗೆ ಇಳಿಯುತ್ತ ಇಳಿಯುತ್ತ ಸಂತೆಯಲ್ಲಿ ನಿಂಬೆಹಣ್ಣುಗಳೇ ಉಳಿಯುತ್ತವೆ.

ಇದನ್ನು ಕೇಳಿದ ಮೇಲೆ, "ನಂಬಿಕೆ ಇಲ್ವಾ?" ಎಂಬ ಪ್ರಶ್ನೆಗೆ ನನಗೆ ಉತ್ತರ ಹೊಳೆಯಿತು. ದೋಷ ಮುಚ್ಚಿ ಮಾರುವವನು ಕೊಳ್ಳುವವಳಿಗೆ ಮಾತ್ರ ಕೇಡು ಮಾಡುವುದಿಲ್ಲ. ನಿಜ ಹೇಳಿ ಮಾರುವ ಇನ್ನೊಬ್ಬನ ಕಾರಿನ ಬೆಲೆಯನ್ನೂ ತಿನ್ನುತ್ತಾನೆ. ಪರೀಕ್ಷೆ ಮಾಡಿಸುವುದು ಒಳ್ಳೆಯ ಮಾಲೀಕನಿಗೆ ಅವಮಾನವಲ್ಲ, ಅವನ ಕಾರಿಗೆ ತಕ್ಕ ಬೆಲೆ ಸಿಗಲು ಇರುವ ದಾರಿಯೇ ಅದು. ಬಂಗಾರದ ಅಂಗಡಿಯಲ್ಲಿ ಒರೆಗಲ್ಲು ತೆಗೆದರೆ ನಿಜವಾದ ಬಂಗಾರದ ಬಳೆಯವಳು ಏಕೆ ಬೇಸರಪಡಬೇಕು? ಆದ್ದರಿಂದ ಸೋದರಿಯರೇ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆಂದು ಅರ್ಥ. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಗಳಲ್ಲಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ. ಮೀಟರಿನಲ್ಲಿ ಕಂಡ ಕಿಲೋಮೀಟರನ್ನು ಸರ್ವಿಸ್ ಮಾಡಿಸಿದ ರಶೀದಿಗಳೊಂದಿಗೆ ಹೋಲಿಸಿ. ಕಟ್ಟದೆ ಉಳಿದ ಸಂಚಾರ ದಂಡ ಇದೆಯೇ ವಿಚಾರಿಸಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಇವನ್ನೆಲ್ಲ ನಗುನಗುತ್ತಲೇ ಮಾಡಬಹುದು, ಸಿಟ್ಟಿನ ಮುಖ ಬೇಕಾಗಿಲ್ಲ.

ಆ ಕುದುರೆಯ ಉದಾಹರಣೆಯಿಂದ ನಾನೊಂದು ವಾಕ್ಯ ಮಾಡಿಕೊಂಡಿದ್ದೇನೆ. "ನೀವು ಏನೂ ಹೇಳದಿದ್ದರೆ, ಈ ಕಾರಿಗೆ ಅಪಘಾತವಾಗಿಲ್ಲ, ನೀರಿನಲ್ಲಿ ನಿಂತಿಲ್ಲ, ಮೀಟರ್ ತಿದ್ದಿಲ್ಲ, ಸಾಲವಿಲ್ಲ ಎಂದೇ ತಿಳಿದು ಕೊಳ್ಳುತ್ತೇನೆ." ಇಷ್ಟು ಹೇಳಿ ಅವರ ಮುಖ ನೋಡುವುದು. ಒಪ್ಪಿದರೆ ಇದನ್ನೇ ಕಾಗದದಲ್ಲಿ ಬರೆದು, ಕಾರು ಕೈಬದಲಾದ ದಿನಾಂಕ, ಗಂಟೆ ಹಾಕಿ ಇಬ್ಬರೂ ಸಹಿ ಮಾಡುವುದು. ಇದಾದ ಮೇಲೆ "ನೀವು ಕೇಳಲೇ ಇಲ್ವಲ್ಲ" ಎನ್ನಲು ಯಾರಿಗೂ ಎಡೆಯಿರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಕೊಳ್ಳುವವರೆಲ್ಲ ಸಾಧುಗಳು, ಮಾರುವವರೆಲ್ಲ ಖದೀಮರು ಎಂಬ ಕತೆಯಾಗುತ್ತಿತ್ತು. ಆದರೆ ಎರಡನೆಯ ಕಾರು ನನ್ನನ್ನು ಸುಮ್ಮನಿರಗೊಡಲಿಲ್ಲ.

ಅದು 2014ರ ಮಾರುತಿ ಆಲ್ಟೋ. ಪಕ್ಕದ ಬೀದಿಯ ಹಿರಿಯರೊಬ್ಬರು ತೀರಿಕೊಂಡು ಎರಡು ವರ್ಷವಾಗಿತ್ತು, ಕಾರು ಶೆಡ್ಡಿನಲ್ಲೇ ನಿಂತಿತ್ತು. ಮಕ್ಕಳು ದೂರದೂರಿನಲ್ಲಿ. "ಕೊಟ್ಟು ಕೈ ತೊಳ್ಕೊ" ಎಂದು ಮಗ ಫೋನಿನಲ್ಲಿ ಹೇಳಿದ್ದನಂತೆ. ಅವರ ಹೆಂಡತಿ ನಮಗೆ ಕಾಫಿ ಕೊಟ್ಟು, "ತೊಂಬತ್ತು ಸಾವಿರ ಕೊಡು ಮಾರಾಯ್ತಿ, ಸಾಕು. ಇದೆಲ್ಲ ಅವ್ರೇ ನೋಡ್ಕೊಳ್ತಿದ್ರು, ನಂಗೆ ಏನೂ ತಿಳಿಯೋದಿಲ್ಲ. ಮೆಕ್ಯಾನಿಕ್ಕನ್ನ ಕರ್ಕೊಂಡು ಬಂದಿದ್ದೀಯಲ್ಲ, ನೀನೇ ನೋಡ್ಕೊ" ಎಂದರು. ಮೆಕ್ಯಾನಿಕ್ಕು ಬೇರೆ ಬ್ಯಾಟರಿ ಜೋಡಿಸಿ ಚಾಲೂ ಮಾಡಿದ, ಓಡಿಸಿದ, ಅಡಿಯಲ್ಲಿ ಮಲಗಿ ನೋಡಿದ. ಮೂವತ್ತೆಂಟು ಸಾವಿರ ಕಿಲೋಮೀಟರ್, ರಶೀದಿಗಳೆಲ್ಲ ಕಡತದಲ್ಲಿ. ಹೊರಗೆ ಬಂದು ನನ್ನ ಕಿವಿಯಲ್ಲಿ, "ಅಕ್ಕಾ, ಬ್ಯಾಟರಿ, ಟೈರು ಹಾಕಿದ್ರೆ ಮುಗೀತು. ಕಣ್ಣು ಮುಚ್ಚಿ ಒಂದೂಮುಕ್ಕಾಲು ಲಕ್ಷದ ಗಾಡಿ. ಸುಮ್ನೆ ತಗೊಂಬಿಡಿ" ಎಂದ.

ಈಗ ಹಡಗಿನ ಸುದ್ದಿ ಗೊತ್ತಿದ್ದವಳು ನಾನು!

ಕಾನೂನು ನನ್ನನ್ನು ತಡೆಯುತ್ತಿರಲಿಲ್ಲ. ಅದೇ 17ನೇ ಕಲಮಿನ ಕೊನೆಯ ಉದಾಹರಣೆಯಲ್ಲಿ, ಬೆಲೆ ಬದಲಾದದ್ದನ್ನು ಗುಟ್ಟಾಗಿ ತಿಳಿದ ವರ್ತಕನು ಎದುರಿನ ವರ್ತಕನಿಗೆ ಹೇಳಬೇಕಾಗಿಲ್ಲ ಎಂದಿದೆ. ನಮ್ಮ ಯಜಮಾನರೂ, "ಬೆಲೆ ಹೇಳಿದವರು ಅವರು. ನಾವೇನು ಚೌಕಾಸಿ ಮಾಡಿದ್ವಾ?" ಎಂದರು. ನಿಜವೇ. ತರಕಾರಿಯವಳು ಬೀನ್ಸನ್ನು ಕಡಿಮೆಗೆ ಕೊಟ್ಟರೆ ನಾನು ತಡೆದು ಪೇಟೆಯ ಧಾರಣೆ ಹೇಳುವುದಿಲ್ಲ. ಆದರೆ ತರಕಾರಿಯವಳಿಗೆ ಧಾರಣೆ ನನಗಿಂತ ಚೆನ್ನಾಗಿ ಗೊತ್ತು. ಈ ತಾಯಿಗೆ ಗೊತ್ತಿಲ್ಲದ್ದು ಸೋಮಾರಿತನದಿಂದಲ್ಲ. ನಲವತ್ತು ವರ್ಷ ಸಂಸಾರದಲ್ಲಿ ಹಣದ, ಕಾಗದದ, ಗಾಡಿಯ ವ್ಯವಹಾರ ಅವರವರೆಗೆ ಬರಲೇ ಇಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹಾಗಿಲ್ಲ, ಹೇಳಿ? ಯಜಮಾನರು ಹೋದ ಮರುದಿನ ಯಾವ ಬ್ಯಾಂಕಿನಲ್ಲಿ ಖಾತೆಯಿದೆಯೆಂದು ತಿಳಿಯದೆ ಕೂತ ಹೆಂಗಸರನ್ನು ನಾನು ಕಂಡಿದ್ದೇನೆ. ಒಬ್ಬರ ಅಜ್ಞಾನ ಹೇಗೆ ಬಂತು ಎಂಬುದರ ಮೇಲೆ ಇನ್ನೊಬ್ಬರ ಮೌನದ ತೂಕ ನಿಂತಿದೆ ಎಂದು ನನಗನ್ನಿಸಿತು. ಮೇಲಾಗಿ ಅವರು "ನೀನೇ ನೋಡ್ಕೊ" ಎಂದಿದ್ದರು. ಕಾನೂನಿನ ಮಗಳು ರಕ್ತದಿಂದ ಮಗಳು. ತಿಳಿಯದವರು ನಮ್ಮ ಮೇಲೆ ಭಾರ ಹಾಕಿದ ಗಳಿಗೆಯಲ್ಲಿ ಅವರೂ ಮಗಳ ಜಾಗದಲ್ಲೇ ನಿಲ್ಲುವುದಿಲ್ಲವೆ?

ಇದರ ಜೊತೆಗೆ ಇನ್ನೊಂದು ಸಣ್ಣ ಕಾರಣವೂ ಇತ್ತು. ನಾನು ಸುಮ್ಮನಿದ್ದು ಮುಂದೊಂದು ದಿನ ಅವರಿಗೆ ವಿಷಯ ತಿಳಿದು ಕೇಳಿದರೆ, ನನ್ನ ಬಾಯಲ್ಲಿ ಬರಬಹುದಾದದ್ದು ಒಂದೇ ಮಾತು: "ನೀವು ಕೇಳಲೇ ಇಲ್ವಲ್ಲ!" ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ವಾರವೂ ಆಗಿರಲಿಲ್ಲ.

ಮರುದಿನ ಹೋಗಿ ಬೆಲೆಯ ವಿಷಯ ಎತ್ತಿದೆ. ಅವರ ಮುಖ ಸಪ್ಪಗಾಯಿತು. "ಜಾಸ್ತಿ ಆಯ್ತೇನೆ?" ಎಂದರು. "ಇಲ್ಲಮ್ಮ, ಕಡಿಮೆ ಆಯ್ತು" ಎಂದು ಮೆಕ್ಯಾನಿಕ್ಕು ಹೇಳಿದ್ದನ್ನು ಹೇಳಿದೆ. ಬ್ಯಾಟರಿ, ಟೈರಿನ ಖರ್ಚು ಕಳೆದು ಒಂದೂವರೆ ಲಕ್ಷ ನ್ಯಾಯ, ನನ್ನಲ್ಲಿ ಇರುವುದೂ ಅಷ್ಟೇ ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಒಳಗೆ ಹೋಗಿ ಕಡತದಲ್ಲಿ ಸೇರದ ಒಂದು ಬಿಲ್ಲು ತಂದರು. "ಹಾಗಾದ್ರೆ ನಾನೂ ಒಂದು ಹೇಳ್ಬೇಕು. ಇವ್ರು ಒಂದ್ಸಲ ಮೋರಿ ಕಟ್ಟೆಗೆ ಗುದ್ದಿದ್ರು. ಮಕ್ಕಳು ಗಾಡಿ ಕಸಿದುಕೊಳ್ತಾರೆ ಅಂತ ಯಾರಿಗೂ ಹೇಳ್ಬೇಡ ಅಂದಿದ್ರು. ಬೇರೆ ಊರಲ್ಲಿ ರಿಪೇರಿ ಮಾಡಿಸಿದ್ರು" ಎಂದರು. ಮೆಕ್ಯಾನಿಕ್ಕು ಮತ್ತೆ ಬಂದು ನೋಡಿದಾಗ ಮುಂದಿನ ಬಲಭಾಗದಲ್ಲಿ, ಬಣ್ಣದ ಅಡಿಯಲ್ಲಿ ಬೆಸುಗೆ ಸಿಕ್ಕಿತು. ಕೆಲಸ ಗಟ್ಟಿಯಾಗಿಯೇ ಆಗಿತ್ತು. ಆದರೂ ಹತ್ತು ಸಾವಿರ ಕಡಿಮೆ ಮಾಡೋಣ ಎಂದಾಯಿತು. ಒಂದು ಲಕ್ಷದ ನಲವತ್ತು ಸಾವಿರಕ್ಕೆ ವ್ಯಾಪಾರ ಮುಗಿಯಿತು. ನಮ್ಮ ಯಜಮಾನರು ಈಗಲೂ ಇದನ್ನು "ಐವತ್ತು ಸಾವಿರದ ವೇದಾಂತ" ಎನ್ನುತ್ತಾರೆ. ಐವತ್ತು ಸಾವಿರ ನಮ್ಮಂಥವರಿಗೆ ಸಣ್ಣ ಮೊತ್ತವಲ್ಲವಾದ್ದರಿಂದ ನಾನೂ ಅವರ ನಗೆಗೆ ಅಡ್ಡಿ ಹೇಳುವುದಿಲ್ಲ.

ಹಣ ಕೈಬದಲಾದರೆ ಋಣ ಮುಗಿಯಿತೆಂದೂ ಅಲ್ಲ. ಆರ್.ಸಿ. ತೀರಿಕೊಂಡವರ ಹೆಸರಿನಲ್ಲೇ ಇದ್ದುದರಿಂದ ಮೊದಲು ಮರಣ ಪ್ರಮಾಣಪತ್ರ, 31ನೇ ನಮೂನೆ, ಮಕ್ಕಳ ಒಪ್ಪಿಗೆ ಕೊಟ್ಟು ಅದು ಆ ತಾಯಿಯ ಹೆಸರಿಗೆ ಬರಬೇಕಾಯಿತು. ಆಮೇಲೆ 29 ಮತ್ತು 30ನೇ ನಮೂನೆಗಳು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಇನ್ಶೂರೆನ್ಸನ್ನೂ 14 ದಿನದೊಳಗೆ ಹೆಸರು ಬದಲಿಸಲು ಬರೆದುಕೊಳ್ಳಬೇಕು. ಗಾಡಿ ಸಿಕ್ಕಿತಲ್ಲ, ಹೆಸರು ನಿಧಾನಕ್ಕೆ ಬದಲಾದರಾಯಿತು ಎಂದು ಕೊಂಡವರು ಸುಮ್ಮನಿರುವುದೇ ಹೆಚ್ಚು. ಆದರೆ 2018ರಲ್ಲಿ ಸುಪ್ರೀಂ ಕೋರ್ಟು, ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರ ಮೇಲೆ ಎಂದು ತೀರ್ಪು ಕೊಟ್ಟಿತು. ಮಾರಿ ಮರೆತ ಕಾರಿಗಾಗಿ ಎಪ್ಪತ್ತರ ವಯಸ್ಸಿನ ಹೆಂಗಸು ಕೋರ್ಟು ಹತ್ತುವಂತಾಗುವುದೂ ಕೊಂಡವಳ ಮೌನದಿಂದಲೇ. ಹೊಸ ಆರ್.ಸಿ. ಬಂದ ದಿನ ಅದರ ಜೆರಾಕ್ಸ್ ಪ್ರತಿಯನ್ನು ಅವರಿಗೆ ಕೊಟ್ಟು ಬಂದೆ. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದ್ದಾರೆ.

ಕಾರಿನ ನೋಂದಣಿಯ ಹದಿನೈದು ವರ್ಷ 2029ಕ್ಕೆ ಮುಗಿಯುತ್ತದೆ. ಅದಕ್ಕೆ ಮೊದಲೇ ಮಗಳು ಇದನ್ನು ಮಾರಿ ಬೇರೆ ಕೊಂಡರೂ ಕೊಂಡಾಳು. ಕೊಳ್ಳಲು ಬಂದವರ ಮೆಕ್ಯಾನಿಕ್ಕಿಗೂ ಆ ಬೆಸುಗೆ ಕಾಣದೆ ಹೋಗಬಹುದು. ಆಗ ಅವಳು ಏನು ಮಾಡಬೇಕೆಂದು ನಾನು ಅವಳಿಂದ ಮಾತು ತೆಗೆದುಕೊಂಡಿಲ್ಲ, ಮಕ್ಕಳಿಂದ ಅಂಥ ಮಾತು ತೆಗೆದುಕೊಳ್ಳಲೂ ಬಾರದು. ಆ ತಾಯಿ ಕೊಟ್ಟ ಬಿಲ್ಲನ್ನು ಮಾತ್ರ ಉಳಿದ ರಶೀದಿಗಳ ಜೊತೆಗೇ, ಎಲ್ಲಕ್ಕಿಂತ ಮೇಲೆ ಕಾಣುವಂತೆ, ಕಡತದಲ್ಲಿ ಸೇರಿಸಿ ಇಟ್ಟಿದ್ದೇನೆ.